ಮೊದಲ ಮೆಟಲ್ ಡಿಟೆಕ್ಟರ್: ಆಳ ಕೇಳುವ ಮುಂಚೆ ನಿಮ್ಮ ಮಣ್ಣು ನೋಡಿ

ಮೆಟಲ್ ಡಿಟೆಕ್ಟರ್ ಕೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಅಡಿ ಆಳದವರೆಗೂ ಹಿಡಿಯುತ್ತೆ?’ ಮಾರುವವರೂ ಅದಕ್ಕೆ ತಕ್ಕ ಉತ್ತರ ಇಟ್ಟುಕೊಂಡೇ ಕೂತಿರುತ್ತಾರೆ. ಹತ್ತು ಅಡಿ ಅನ್ನುತ್ತಾರೆ, ಇಪ್ಪತ್ತು ಅಡಿ ಅನ್ನುತ್ತಾರೆ. ಇನ್ನು ಕೆಲವರು ಅರ್ಧ ಕಿಲೋಮೀಟರ್ ದೂರದ ಚಿನ್ನವನ್ನು ಕಡ್ಡಿ ತಿರುಗಿಸಿ ತೋರಿಸುವ ಮೆಷಿನ್ ಇದೆ ಅನ್ನುತ್ತಾರೆ. ಅಂಥ ಮೆಷಿನ್ ಇಲ್ಲ. ಹಾಗೆ ಹೇಳಿ ಮಾರುವುದು ಶುದ್ಧ ಮೋಸ. ನಂಬಿ ದುಡ್ಡು ಕಳೆದುಕೊಳ್ಳಬೇಡಿ.

ನಿಜ ಏನು ಅಂದರೆ, ಹವ್ಯಾಸಕ್ಕೆ ಅಂತ ಸಿಗುವ ಒಳ್ಳೆ ಕಂಪನಿಯ ಮೆಷಿನ್ ಒಂದು ನಾಣ್ಯವನ್ನು ಸುಮಾರು ಒಂದು ಗೇಣು ಆಳದಲ್ಲಿ ಹಿಡಿದರೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಅಂತ ಅರ್ಥ. ಹಾಗಾಗಿ ಆಳದ ಲೆಕ್ಕ ಬಿಡಿ. ಎಲ್ಲಿ ಹುಡುಕುತ್ತೀರಿ, ಏನು ಹುಡುಕುತ್ತೀರಿ, ಅಲ್ಲಿಯ ಮಣ್ಣು ಎಂಥದ್ದು, ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಮೆಷಿನ್ ಬೇಕು ಅನ್ನೋದು ತಾನಾಗಿಯೇ ಗೊತ್ತಾಗುತ್ತೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರಿಗೆ ಈ ಮೂರನೇ ಪ್ರಶ್ನೆ ತುಂಬಾ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಜಾಗ ಗೊತ್ತು ಮಾಡಿಕೊಳ್ಳಿ

ದುಡ್ಡು ಕೊಡುವ ಮುಂಚೆಯೇ ಇದು ಆಗಬೇಕು. ನಿಮ್ಮದೇ ಹೊಲ, ತೋಟ, ಹಿತ್ತಲು ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಇಲ್ಲದಿದ್ದರೆ ನೆಂಟರ ಜಮೀನು, ಸ್ನೇಹಿತರ ಜಮೀನು. ಬೇರೆಯವರ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಗುತ್ತಿಗೆಗೆ ಮಾಡುತ್ತಿರುವವರು ಬೇರೆ ಇದ್ದರೆ ಅವರನ್ನೂ ಕೇಳಿ.

ನಮ್ಮ ಹಳ್ಳಿಗಳಲ್ಲಿ ನಿಧಿಗಳ್ಳರ ಕಾಟ ಸಣ್ಣದಲ್ಲ. ರಾತ್ರಿ ಬಂದು ಪಾಳು ಗುಡಿಯ ಲಿಂಗ ಕಿತ್ತವರು, ಬಸವಣ್ಣನ ಬುಡ ಅಗೆದವರು, ವೀರಗಲ್ಲು ಉರುಳಿಸಿದವರು ಎಷ್ಟೋ ಊರಲ್ಲಿ ಇದ್ದಾರೆ. ಅದನ್ನು ಕಂಡ ಜನ ಕೈಯಲ್ಲಿ ಮೆಷಿನ್ ಹಿಡಿದವನನ್ನು ಅನುಮಾನದಿಂದ ನೋಡಿದರೆ ತಪ್ಪು ಅವರದ್ದಲ್ಲ. ಹಾಗಾಗಿ ಹಗಲಲ್ಲೇ ಹೋಗಿ. ಮಾಲೀಕರನ್ನೋ ಅವರ ಮನೆಯವರನ್ನೋ ಜೊತೆಗೆ ಕರೆದುಕೊಳ್ಳಿ. ಯಾರಾದರೂ ಬಂದು ಕೇಳಿದರೆ ಮೆಷಿನ್ ಅವರ ಕೈಗೇ ಕೊಟ್ಟು ತೋರಿಸಿ.

ಹೋಗಲೇಬಾರದ ಜಾಗಗಳೂ ಇವೆ. ಕೋಲಾರಮ್ಮನ ಗುಡಿ, ಕೋಲಾರದ ಸೋಮೇಶ್ವರ, ಆವಣಿಯ ರಾಮಲಿಂಗೇಶ್ವರ, ನಂದಿಯ ಭೋಗನಂದೀಶ್ವರ, ಮಧುಗಿರಿ ಕೋಟೆ, ಸಿರಾದ ಮಲಿಕ್ ರಿಹಾನ್ ಗೋರಿ, ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. 1958ರ ಕಾಯ್ದೆ ಪ್ರಕಾರ ಅಂಥ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯ್ದೆ ಇದೆ. ಬೋರ್ಡ್ ಇಲ್ಲದ ಕಡೆ ಕೂಡ ಕೈ ಹಾಕಬೇಡಿ. ಹಳೆ ಮಡಕೆ ಚೂರು ಹರಡಿಕೊಂಡಿರುವ ಹಾಳೂರಿನ ದಿಬ್ಬ, ಗುಡಿಯ ಅಂಗಳ, ವೀರಗಲ್ಲಿನ ಸುತ್ತಮುತ್ತ, ಕೋಟೆಯ ಒಳಗೆ, ಇವನ್ನೆಲ್ಲ ಬಿಟ್ಟುಬಿಡಿ. ಒಂದು ನಾಣ್ಯ ಯಾವ ಪದರದಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಅನ್ನೋದರಿಂದಲೇ ಆ ಊರಿನ ಕಾಲ ಗೊತ್ತಾಗೋದು. ಕಿತ್ತು ಜೇಬಿಗೆ ಹಾಕಿಕೊಂಡರೆ ನಾಣ್ಯ ಉಳಿಯುತ್ತೆ, ಊರಿನ ಚರಿತ್ರೆ ಹೋಗುತ್ತೆ. ಅದನ್ನು ಮತ್ತೆ ಜೋಡಿಸೋಕೆ ಯಾರಿಂದಲೂ ಆಗಲ್ಲ.

ನಿಮ್ಮ ಸ್ವಂತ ಜಮೀನಿನಲ್ಲೇ ಹಳೆಯದೇನಾದರೂ ಸಿಕ್ಕರೆ? ಅದೂ ನಿಮ್ಮದಾಗಿಬಿಡಲ್ಲ. 1962ರ ಕರ್ನಾಟಕದ ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹುದುಗಿದ, ಬೆಲೆಬಾಳುವ ಏನೇ ಸಿಕ್ಕರೂ ಬರವಣಿಗೆಯಲ್ಲಿ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ, ಲೋಹದ ಸಾಮಾನು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಹೊರದೇಶಕ್ಕೆ ಕಳಿಸುವಂತಿಲ್ಲ. ಹಳೆ ಮಡಕೆಯೋ ನಾಣ್ಯದ ಗಂಟೋ ಕಂಡರೆ ಅಗೆಯೋದು ನಿಲ್ಲಿಸಿ, ಫೋಟೋ ತೆಗೆದು, ತಹಶೀಲ್ದಾರ್ ಕಚೇರಿಗೆ ತಿಳಿಸಿ. ನಿಧಿಯ ಆಸೆಗೆ ಮೆಷಿನ್ ಕೊಳ್ಳಬೇಕು ಅಂದುಕೊಂಡಿದ್ದರೆ ದಯವಿಟ್ಟು ಇಲ್ಲಿಗೇ ಬಿಟ್ಟುಬಿಡಿ.

ಎರಡನೇ ಹೆಜ್ಜೆ: ಏನು ಹುಡುಕಬೇಕು ಅಂತ ಬರೆದುಕೊಳ್ಳಿ

ನಿಧಿ ಬಿಟ್ಟರೆ ಇನ್ನೇನಿದೆ ಅಂತೀರಾ? ಬೇಕಾದಷ್ಟಿದೆ. ಕಳೆ ಕೀಳುವಾಗ ಜಾರಿದ ಉಂಗುರ, ಕಾಲುಂಗುರ, ಕಿವಿಯ ಓಲೆ, ಅದರ ತಿರುಪು. ಟ್ರಾಕ್ಟರ್‌ನಿಂದ ಬಿದ್ದ ಪಿನ್ನು. ಮಣ್ಣಲ್ಲಿ ಮುಚ್ಚಿಹೋದ ಗೇಟ್‌ವಾಲ್ವ್. ಎಲ್ಲೋ ಹೂತ ಕಬ್ಬಿಣದ ಪೈಪ್ ಲೈನ್. ತಾತನ ಕಾಲದ ನೇಗಿಲ ಗುಳ, ಎತ್ತಿನ ಲಾಳ. ಚಲಾವಣೆ ನಿಂತ ಐದು ಪೈಸೆ, ಹತ್ತು ಪೈಸೆ. ಊರಲ್ಲಿ ಒಬ್ಬರ ಹತ್ತಿರ ಈ ಮೆಷಿನ್ ಇದೆ ಅಂತ ಗೊತ್ತಾದರೆ ಸಾಕು, ಕಳೆದುಕೊಂಡವರೆಲ್ಲ ಹುಡುಕಿಕೊಂಡು ಬರುತ್ತಾರೆ. ಅತ್ತೆ ಕೊಟ್ಟ ಓಲೆ ತೋಟದಲ್ಲಿ ಬಿದ್ದಿದೆ ಅಂತ ಬಂದವರಿಗೆ ಅದನ್ನು ತೆಗೆದು ಕೈಗಿಡುವುದೇ ಈ ಹವ್ಯಾಸದಲ್ಲಿ ಸಿಗುವ ದೊಡ್ಡ ಸಂತೋಷ ಅನ್ನೋದು ನನ್ನ ಅಭಿಪ್ರಾಯ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ತೆಳು ಚಿನ್ನದ ಸರ ಹಿಡಿಯುವುದು ತುಂಬಾ ಕಷ್ಟ. ಮೆಷಿನ್ ಸರವನ್ನು ಒಂದು ಇಡೀ ವಸ್ತು ಅಂತ ನೋಡುವುದಿಲ್ಲ. ಒಂದೊಂದು ಕೊಂಡಿಯೂ ಅದಕ್ಕೆ ಬೇರೆ ಬೇರೆ ಚೂರು. ಕೊಂಡಿ ಸಣ್ಣದಾದಷ್ಟೂ ಸದ್ದು ಕಡಿಮೆ. ಸರ ಕಳೆದರೆ ನಿಜವಾಗಿ ಸದ್ದು ಕೊಡೋದು ತಾಳಿಬೊಟ್ಟು, ಗುಂಡು, ಇಲ್ಲವೇ ಕೊಕ್ಕೆ. ಅದೇ ಒಂದು ದಪ್ಪ ಉಂಗುರ ಅಥವಾ ಬೆಳ್ಳಿ ಕಾಲುಂಗುರ ಎಲ್ಲೂ ಬಿಡದೆ ಪೂರ್ತಿ ದುಂಡಗಿದ್ದರೆ ಜೋರಾಗಿ ಕೂಗುತ್ತೆ. ಸರ ಹುಡುಕಿಕೊಡಿ ಅಂತ ಬಂದವರಿಗೆ ಇದನ್ನು ಮೊದಲೇ ಹೇಳಿ.

ಮೂರನೇ ಹೆಜ್ಜೆ: ಅಯಸ್ಕಾಂತ ಹಿಡಿದು ಹೊಲಕ್ಕೆ ಹೋಗಿ

ಇದಕ್ಕೆ ಖರ್ಚಿಲ್ಲ. ಹಾಳಾದ ರೇಡಿಯೋ ಸ್ಪೀಕರ್‌ನ ಅಯಸ್ಕಾಂತ ತಗೊಂಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಮಳೆ ನೀರು ಹರಿದು ಮರಳು ನಿಂತ ಜಾಗದಲ್ಲಿ ಅದನ್ನು ನಾಲ್ಕು ಸಲ ಎಳೆಯಿರಿ. ಎತ್ತಿ ನೋಡಿ. ಕವರಿನ ಮೇಲೆ ಮೀಸೆಯ ಹಾಗೆ ನಿಂತ ಕಪ್ಪು ಪುಡಿ ಕಾಣುತ್ತೆ. ಅದು ಕಬ್ಬಿಣದ ಅಂಶದ ಕರಿಮರಳು. ಕವರ್ ತಿರುವಿ ಹಾಕಿದರೆ ಪುಡಿ ಉದುರುತ್ತೆ. ಒಂದು ಚಿಟಿಕೆಯಷ್ಟೇ ಬಂತಾ, ಒಂದು ಹಿಡಿ ಬಂತಾ ಅಂತ ಗಮನಿಸಿ. ಹೊಲದ ಬೇರೆ ಬೇರೆ ಮೂಲೆಯಲ್ಲೂ ಮಾಡಿ ನೋಡಿ.

ಈ ಕಪ್ಪು ಪುಡಿಯೇ ಮೆಷಿನ್‌ಗೆ ತಲೆನೋವು. ಡಿಟೆಕ್ಟರ್‌ನ ಕಾಯಿಲ್, ಅಂದರೆ ಕೋಲಿನ ಕೆಳತುದಿಯಲ್ಲಿರುವ ತಂತಿ ಸುರುಳಿಯ ತಟ್ಟೆ, ನೆಲಕ್ಕೆ ಕಾಂತದ ಅಲೆ ಬಿಡುತ್ತೆ. ಅಲೆ ತಾಕಿದ ಲೋಹದಲ್ಲಿ ಸಣ್ಣ ಕರೆಂಟ್ ಹುಟ್ಟುತ್ತೆ. ಆ ಕರೆಂಟ್ ತಿರುಗಿ ಬಿಡುವ ಅಲೆಯನ್ನು ಕಾಯಿಲ್‌ನೊಳಗಿನ ಇನ್ನೊಂದು ಸುರುಳಿ ಕೇಳಿಸಿಕೊಳ್ಳುತ್ತೆ. ಮಣ್ಣಲ್ಲೇ ಕಬ್ಬಿಣದ ಅಂಶ ಜಾಸ್ತಿ ಇದ್ದರೆ ಇಡೀ ನೆಲವೇ ಉತ್ತರ ಕೊಡೋಕೆ ಶುರು ಮಾಡುತ್ತೆ. ಆ ಗದ್ದಲದಲ್ಲಿ ಒಂದು ಉಂಗುರದ ದನಿ ಮುಳುಗಿಹೋಗುತ್ತೆ. ಬೇರೆ ದೇಶದವರ ವಿಡಿಯೋದಲ್ಲಿ ಹುಲ್ಲುಗಾವಲಿನ ಮೇಲೆ ಚೆನ್ನಾಗಿ ಓಡುವ ಮೆಷಿನ್ ನಮ್ಮ ಕೆಂಪು ಮಣ್ಣಲ್ಲಿ ಸುಮ್ಮಸುಮ್ಮನೆ ಕೂಗೋದು ಇದಕ್ಕೇ.

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಪಟ್ಟಿಯೇ ಇದೆ. ಆ ಕಡೆಯವರು ಮೆಷಿನ್ ಆರಿಸುವಾಗ ಉಳಿದವರಿಗಿಂತ ಜಾಸ್ತಿ ಎಚ್ಚರ ಇರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕೆಂಪು ಮಣ್ಣಲ್ಲಿ ಜಾಗದಿಂದ ಜಾಗಕ್ಕೆ ಬದಲಾಗುತ್ತೆ. ಅದಕ್ಕೇ ಅಯಸ್ಕಾಂತ ಹಿಡಿದು ನಿಮ್ಮ ಹೊಲವನ್ನೇ ನೋಡಿ ಅಂದಿದ್ದು.

ನಾಲ್ಕನೇ ಹೆಜ್ಜೆ: ಮೆಷಿನ್‌ನಲ್ಲಿ ಏನಿರಬೇಕು

ಮೊದಲು ನೋಡಬೇಕಾದ್ದು ಗ್ರೌಂಡ್ ಬ್ಯಾಲೆನ್ಸ್. ಮಣ್ಣಿನ ಗದ್ದಲವನ್ನು ಬದಿಗಿಟ್ಟು ಲೋಹದ ದನಿಯನ್ನಷ್ಟೇ ಕೇಳಿಸುವ ವ್ಯವಸ್ಥೆ ಇದು. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಇದನ್ನು ಕಂಪನಿಯಲ್ಲೇ ಒಂದು ಅಳತೆಗೆ ಕೂರಿಸಿಬಿಟ್ಟಿರುತ್ತಾರೆ, ನಾವು ಬದಲಾಯಿಸೋಕೆ ಆಗಲ್ಲ. ಕಪ್ಪು ಪುಡಿ ಹಿಡಿಗಟ್ಟಲೆ ಬಂದ ಹೊಲಕ್ಕೆ ಅದು ಬೇಡ. ನಾವೇ ಹೊಂದಿಸುವಂಥದ್ದು ಅಥವಾ ಮೆಷಿನ್ ತಾನೇ ಹೊಂದಿಸಿಕೊಳ್ಳುವಂಥದ್ದು ತಗೊಳ್ಳಿ. ದುಡ್ಡು ಉಳಿಸೋದಾದರೆ ಬೇರೆ ಎಲ್ಲದರಲ್ಲೂ ಉಳಿಸಿ, ಇದರಲ್ಲಿ ಬೇಡ.

ಆಮೇಲೆ ಕಾಯಿಲ್. ಡಿಡಿ (ಇಂಗ್ಲಿಷ್ ‘ಡಿ’ ಆಕಾರದ ಎರಡು ಸುರುಳಿ) ಅನ್ನುವ ಬಗೆಯ ಕಾಯಿಲ್ ಕಬ್ಬಿಣದ ಅಂಶದ ಮಣ್ಣಲ್ಲಿ ಕಾನ್ಸೆಂಟ್ರಿಕ್ (ಒಂದರೊಳಗೊಂದು ದುಂಡನೆ ಸುರುಳಿ) ಕಾಯಿಲ್‌ಗಿಂತ ಶಾಂತವಾಗಿರುತ್ತೆ. ಅಳತೆ ಒಂಬತ್ತರಿಂದ ಹನ್ನೊಂದು ಇಂಚು ಸಾಕು. ಕಾಯಿಲ್ ದೊಡ್ಡದಾದರೆ ಸ್ವಲ್ಪ ಆಳ ಹೆಚ್ಚುತ್ತೆ ನಿಜ. ಆದರೆ ಸಣ್ಣ ಓಲೆ ತಪ್ಪಿಹೋಗುತ್ತೆ, ಕೈಯೂ ನೋಯುತ್ತೆ.

ಫ್ರೀಕ್ವೆನ್ಸಿ, ಅಂದರೆ ಕಾಯಿಲ್ ಸೆಕೆಂಡಿಗೆ ಎಷ್ಟು ಅಲೆ ಬಿಡುತ್ತೆ ಅನ್ನೋದರ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳಬೇಡಿ. ಹವ್ಯಾಸದ ಮೆಷಿನ್‌ಗಳು ಹೆಚ್ಚಾಗಿ ವಿಎಲ್‌ಎಫ್ (ವೆರಿ ಲೋ ಫ್ರೀಕ್ವೆನ್ಸಿ) ಅನ್ನುವ ಬಗೆ. ಕೆಳಗಿನ ಫ್ರೀಕ್ವೆನ್ಸಿ ದೊಡ್ಡ ಬೆಳ್ಳಿ, ತಾಮ್ರದ ವಸ್ತುವಿಗೆ ಒಳ್ಳೆಯದು. ಮೇಲಿನದು ಸಣ್ಣ ಚಿನ್ನಕ್ಕೆ ಒಳ್ಳೆಯದು, ಆದರೆ ಮಣ್ಣಿನ ಗದ್ದಲಕ್ಕೂ ಬೇಗ ಸಿಕ್ಕಿಕೊಳ್ಳುತ್ತೆ. 12ರಿಂದ 15 ಕಿಲೋಹರ್ಟ್ಸ್ ಮಧ್ಯದ ದಾರಿ. ಒಟ್ಟಿಗೇ ಹಲವು ಫ್ರೀಕ್ವೆನ್ಸಿ ಬಿಡುವ ಮೆಷಿನ್ ಕೈಗೆಟುಕಿದರೆ ಇನ್ನೂ ಒಳ್ಳೆಯದು. ಪಲ್ಸ್ ಇಂಡಕ್ಷನ್ ಅಂತ ಇನ್ನೊಂದು ಬಗೆ ಇದೆ. ಅದು ಮಣ್ಣಿಗೆ ಜಗ್ಗಲ್ಲ, ಆದರೆ ಮೊಳೆ ಯಾವುದು ಉಂಗುರ ಯಾವುದು ಅಂತ ಸರಿಯಾಗಿ ಬೇರೆ ಮಾಡಿ ಹೇಳಲ್ಲ. ಮೊದಲ ಮೆಷಿನ್ ಆಗಿ ಬೇಡ.

ಹೆಸರು ಹೇಳಿ ಅಂದರೆ ಮೂರು ಉದಾಹರಣೆ ಕೊಡುತ್ತೇನೆ. ಗ್ಯಾರೆಟ್ ಏಸ್ 300: 8 ಕಿಲೋಹರ್ಟ್ಸ್, ಕಲಿಯೋಕೆ ಸುಲಭ, ಆದರೆ ಗ್ರೌಂಡ್ ಬ್ಯಾಲೆನ್ಸ್ ನಾವು ಹೊಂದಿಸುವಂತಿಲ್ಲ. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್: 12 ಕಿಲೋಹರ್ಟ್ಸ್, ಡಿಡಿ ಕಾಯಿಲ್, ಗ್ರೌಂಡ್ ಬ್ಯಾಲೆನ್ಸ್ ಹೊಂದಿಸಬಹುದು, ನೀರಿಗೆ ಬಿದ್ದರೂ ತಡೆಯುತ್ತೆ. ಮೈನ್‌ಲ್ಯಾಬ್ ವ್ಯಾಂಕ್ವಿಶ್: ಒಟ್ಟಿಗೇ ಹಲವು ಫ್ರೀಕ್ವೆನ್ಸಿ. ಮಣ್ಣು ಸೌಮ್ಯವಾಗಿದ್ದರೆ ಮೊದಲನೆಯದೂ ನಡೆಯುತ್ತೆ. ನಮ್ಮ ಕಡೆಯ ಹೊಲಕ್ಕೆ ನಾನು ಎರಡನೆಯ ಥರದ್ದು ಅಥವಾ ಮೂರನೆಯ ಥರದ್ದು ತಗೊಳ್ಳಿ ಅನ್ನುತ್ತೇನೆ. ಮಾಡೆಲ್‌ಗಳು ಬದಲಾಗುತ್ತಲೇ ಇರುತ್ತವೆ. ಹೆಸರಿಗಿಂತ ಅದರಲ್ಲಿ ಏನಿದೆ ಅಂತ ನೋಡಿ.

ವಾಟರ್‌ಪ್ರೂಫ್ ಅಂದಾಗ ಒಂದು ಮಾತು ಕೇಳಿ: ಬರೀ ಕಾಯಿಲ್ಲಾ, ಪೂರ್ತಿ ಮೆಷಿನ್ನಾ? ತುಂಬಾ ಮಾಡೆಲ್‌ಗಳಲ್ಲಿ ಕಾಯಿಲ್ ಮಾತ್ರ ನೀರು ತಡೆಯುತ್ತೆ, ಮೇಲಿನ ಡಬ್ಬಿ ತಡೆಯಲ್ಲ. ತೋಟಕ್ಕೆ ನೀರು ಕಟ್ಟುವವರು ಇದನ್ನು ಮರೆಯಬಾರದು.

ಐದನೇ ಹೆಜ್ಜೆ: ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ

ಒಂದು ಸಣ್ಣ ಬಟ್ಟೆ ಚೀಲದಲ್ಲಿ ಇಷ್ಟು ಹಾಕಿಕೊಳ್ಳಿ: ಚಿನ್ನದ ಉಂಗುರ, ಬೆಳ್ಳಿ ಕಾಲುಂಗುರ, ಕಿವಿಯ ಓಲೆ, ತುಕ್ಕು ಹಿಡಿದ ಮೊಳೆ, ಗೇಣುದ್ದ ಬೈಂಡಿಂಗ್ ವೈರ್, ಖಾಲಿ ಮಾತ್ರೆ ಪಟ್ಟಿ, ಬಾಟಲಿಯ ಕಬ್ಬಿಣದ ಮುಚ್ಚಳ, ಹಳೆ ಅಲ್ಯೂಮಿನಿಯಂ ಹತ್ತು ಪೈಸೆ, ಈಗಿನ ಒಂದು ರೂಪಾಯಿ, ಎರಡು ಬಣ್ಣದ ಹತ್ತು ರೂಪಾಯಿ.

ಮೆಷಿನ್ ಆನ್ ಮಾಡಿಸಿ. ನಿಮ್ಮ ಕೈಯ ಉಂಗುರ, ವಾಚು ತೆಗೆದಿಡಿ. ಒಂದೊಂದನ್ನೇ ಕಾಯಿಲ್ ಮುಂದೆ ಆಡಿಸಿ, ಪರದೆಯ ಮೇಲೆ ಬರುವ ನಂಬರ್ ಬರೆದುಕೊಳ್ಳಿ. ಮೊಳೆಗೆ ಕೆಳಗಿನ ನಂಬರ್ ಬರುತ್ತೆ. ಬೆಳ್ಳಿಗೆ ಮೇಲಿನದು. ಚಿನ್ನದ ಉಂಗುರ ಮತ್ತು ಮಾತ್ರೆ ಪಟ್ಟಿ ಹತ್ತಿರ ಹತ್ತಿರದ ನಂಬರ್ ಕೊಟ್ಟರೆ ಮೆಷಿನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎಲ್ಲಾ ಮೆಷಿನ್‌ನ ಹಣೆಬರಹವೂ ಅದೇ. ಕಸ ಬೇಡ ಅಂತ ಆ ನಂಬರ್‌ಗೆ ಸದ್ದೇ ಬಾರದ ಹಾಗೆ ಮಾಡಿಬಿಟ್ಟರೆ ಚಿನ್ನವೂ ಅದರ ಜೊತೆ ಹೋಗುತ್ತೆ.

ಒಂದು ರೂಪಾಯಿ ನಾಣ್ಯ ಗಮನಿಸಿ. 1992ರಿಂದ ಬಂದ ಸ್ಟೀಲ್ ರೂಪಾಯಿಗೆ ಅಯಸ್ಕಾಂತ ಅಂಟುತ್ತೆ. ಹಾಗಾಗಿ ಕೆಲವು ಮೆಷಿನ್ ಅದನ್ನು ಕಬ್ಬಿಣ ಅಂತ ತಳ್ಳಿಹಾಕುತ್ತವೆ, ಕೆಲವು ಎಲ್ಲೋ ಮೇಲಿನ ನಂಬರ್ ತೋರಿಸುತ್ತವೆ. ಪಶ್ಚಿಮ ದೇಶದವರು ಬರೆದ ನಂಬರ್ ಪಟ್ಟಿ ನಮ್ಮ ನಾಣ್ಯಕ್ಕೆ ಉಪಯೋಗಕ್ಕೆ ಬರಲ್ಲ. ನಿಮ್ಮ ಪಟ್ಟಿ ನೀವೇ ಮಾಡಿಕೊಳ್ಳಬೇಕು.

ಕೊಳ್ಳುವಾಗ ಬಿಲ್ಲು, ವಾರಂಟಿ ಕಾರ್ಡು, ಸೀರಿಯಲ್ ನಂಬರ್ ಮೂರೂ ಇರಲಿ. ಹೆಸರಾದ ಬ್ರ್ಯಾಂಡ್‌ಗಳ ನಕಲಿ ಮಾಲು ತುಂಬಾ ಇದೆ. ಬೆಲೆ ತೀರಾ ಕಡಿಮೆ ಇದ್ದರೆ ಸೀರಿಯಲ್ ನಂಬರ್ ಹಾಕಿ ಕಂಪನಿಯವರನ್ನೇ ಕೇಳಿ. ರಿಪೇರಿ ನಮ್ಮ ದೇಶದಲ್ಲೇ ಆಗುತ್ತಾ ಅಂತಲೂ ಕೇಳಿ. ಸೆಕೆಂಡ್ ಹ್ಯಾಂಡ್ ಆದರೆ ಬ್ಯಾಟರಿ ಗೂಡಲ್ಲಿ ಹಸಿರು ಕಿಲುಬು ಇದೆಯಾ, ಕಾಯಿಲ್‌ನಿಂದ ಬರುವ ವೈರ್ ಬಗ್ಗಿಸಿದಾಗ ಸುಮ್ನೆ ಬೀಪ್ ಬರುತ್ತಾ ನೋಡಿ. ಬಂದರೆ ವಾಪಸ್ ಬನ್ನಿ.

ಇರುವ ದುಡ್ಡನ್ನೆಲ್ಲ ಮೆಷಿನ್‌ಗೇ ಸುರಿಯಬೇಡಿ. ಪಿನ್‌ಪಾಯಿಂಟರ್ ಅಂತ ಕೈಯಲ್ಲಿ ಹಿಡಿಯುವ ಸಣ್ಣ ಡಿಟೆಕ್ಟರ್ ಬರುತ್ತೆ. ತೋಡಿದ ಗುಂಡಿಯೊಳಗೆ ವಸ್ತು ಎಲ್ಲಿದೆ ಅಂತ ಅದು ಬೆರಳಿಟ್ಟು ತೋರಿಸುತ್ತೆ. ಅದಿಲ್ಲದೆ ಒಂದು ಓಲೆಯ ತಿರುಪಿಗೆ ಅರ್ಧ ಗಂಟೆ ಮಣ್ಣು ಜಾಲಿಸಬೇಕಾಗುತ್ತೆ. ಅಗೆಯೋಕೆ ಕಳೆ ತೆಗೆಯುವ ಕುರ್ಪಿ ಸಾಕು. ಜೊತೆಗೆ ಒಂದು ಹೆಡ್‌ಫೋನ್, ದಪ್ಪ ಕೈಗವಸು.

ಆರನೇ ಹೆಜ್ಜೆ: ಮೊದಲ ಪಾಠ ಹಿತ್ತಲಲ್ಲೇ

ತಂದ ದಿನವೇ ಹೊಲಕ್ಕೆ ಓಡಬೇಡಿ. ಹಿತ್ತಲಲ್ಲಿ ಲೋಹದ ಸದ್ದಿಲ್ಲದ ಒಂದು ಜಾಗ ನೋಡಿ, ನಾಣ್ಯಗಳನ್ನು ಎರಡು, ನಾಲ್ಕು, ಆರು ಇಂಚು ಆಳಕ್ಕೆ ಹೂಳಿ. ಮೇಲೆ ಒಂದೊಂದು ಕಡ್ಡಿ ನೆಡಿ. ಒಂದನ್ನು ಮಲಗಿಸಿ, ಇನ್ನೊಂದನ್ನು ಅಂಚಿನ ಮೇಲೆ ನಿಲ್ಲಿಸಿ. ನಿಂತ ನಾಣ್ಯದ ಸದ್ದು ಎಷ್ಟು ಸಣ್ಣದು ಅಂತ ಕಿವಿಗೆ ಗೊತ್ತಾಗಲಿ. ಅಂಗಡಿಯಲ್ಲಿ ಗಾಳಿಯಲ್ಲಿ ಆಡಿಸಿದಾಗ ಬಂದ ನಂಬರ್ ಮಣ್ಣಲ್ಲಿ ಬದಲಾಗುವುದನ್ನೂ ಇಲ್ಲೇ ನೋಡುತ್ತೀರಿ.

ಆಮೇಲೆ ಒಂದು ಗುಂಟೆ ತಗೊಳ್ಳಿ. ಅಂದರೆ 33 ಅಡಿಗೆ 33 ಅಡಿ. ದಾರ ಕಟ್ಟಿ ನಾಲ್ಕು ಅಡಿ ಅಗಲದ ಪಟ್ಟಿ ಮಾಡಿದರೆ ಎಂಟು ಪಟ್ಟಿ ಆಗುತ್ತೆ. ಕಾಯಿಲ್ ನೆಲಕ್ಕೆ ಎರಡು ಬೆರಳಿನಷ್ಟು ಮೇಲೆ, ನೆಲಕ್ಕೆ ಸಮನಾಗಿ ಇರಲಿ. ಬೀಸುವಾಗ ಕೊನೆಯಲ್ಲಿ ಮೇಲೆತ್ತಬೇಡಿ, ಹೊಸಬರೆಲ್ಲ ಹಾಗೆ ಎತ್ತುತ್ತಾರೆ. ಒಂದು ಬೀಸಿನ ಮೇಲೆ ಇನ್ನೊಂದು ಅರ್ಧ ಬರಬೇಕು. ಸದ್ದು ಬಂದ ಕಡೆ ತೊಂಬತ್ತು ಡಿಗ್ರಿ ತಿರುಗಿ ನಿಂತು ಮತ್ತೆ ಬೀಸಿ. ಎರಡೂ ಕಡೆಯಿಂದ ಅದೇ ನಂಬರ್ ನಿಂತರೆ ಅಗೆಯಿರಿ. ಒಂದು ಕಡೆಯಿಂದ ಮಾತ್ರ ಬಂದು ಇನ್ನೊಂದು ಕಡೆಯಿಂದ ಒಡೆದು ಹೋದರೆ ಹೆಚ್ಚಾಗಿ ಅದು ಮೊಳೆ ಅಥವಾ ತಂತಿ.

ಟಿಸಿ (ಟ್ರಾನ್ಸ್‌ಫಾರ್ಮರ್), ಪಂಪ್‌ಸೆಟ್ ಸ್ಟಾರ್ಟರ್, ಹೈಟೆನ್ಷನ್ ಲೈನ್ ಹತ್ತಿರ ಮೆಷಿನ್ ಕಾರಣವಿಲ್ಲದೆ ಗಲಾಟೆ ಮಾಡುತ್ತೆ. ಸೆನ್ಸಿಟಿವಿಟಿ (ಮೆಷಿನ್ ಎಷ್ಟು ಸಣ್ಣ ದನಿಗೆ ಕಿವಿಗೊಡಬೇಕು ಅನ್ನುವ ಅಳತೆ) ಎರಡು ಅಂಕ ಇಳಿಸಿ, ಇಲ್ಲವೇ ದೂರ ಹೋಗಿ. ಮೋಟರ್ ಕೇಬಲ್ ಹೂತಿರುವ ಸಾಲಿನಲ್ಲಿ ಅಗೆಯಲೇಬೇಡಿ. ಬೋರ್‌ವೆಲ್ ಕೇಸಿಂಗ್ ಪೈಪ್ ಕಬ್ಬಿಣದ್ದಾದರೆ ಅದರ ಸುತ್ತ ಏನೂ ಕೇಳಿಸಲ್ಲ, ಬಿಟ್ಟುಬಿಡಿ.

ಎರಡು ಅಪಾಯ ಹೇಳಲೇಬೇಕು. ಕಲ್ಲು ಕ್ವಾರಿ ಮತ್ತು ಅದರ ಸುತ್ತಮುತ್ತ ಹೋಗಬೇಡಿ. ಬಂಡೆ ಸಿಡಿಸುವ ಡಿಟೋನೇಟರ್‌ನ ಕೊಳವೆ ಅಲ್ಯೂಮಿನಿಯಂ ಅಥವಾ ತಾಮ್ರದ್ದು. ಮೆಷಿನ್ ಅದಕ್ಕೆ ಚೆನ್ನಾಗಿಯೇ ಬೀಪ್ ಕೊಡುತ್ತೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ವೈರ್ ಅಂಟಿಕೊಂಡ ಪೆನ್ನಿನಂಥ ಲೋಹದ ಕೊಳವೆ ಎಲ್ಲೇ ಕಂಡರೂ ಮುಟ್ಟಬೇಡಿ, ಕುರ್ಪಿ ತಾಗಿಸಬೇಡಿ, ದೂರ ಸರಿದು 112ಕ್ಕೆ ಫೋನ್ ಮಾಡಿ. ಇನ್ನೊಂದು ಕೆಜಿಎಫ್. ಗಣಿ 2001ರಲ್ಲಿ ಮುಚ್ಚಿತು ಅಂತ ಅಲ್ಲಿ ಚಿನ್ನ ಹುಡುಕೋಕೆ ಹೋಗುವ ಆಸೆ ಬೇಡ. ಅಲ್ಲಿಯ ಚಿನ್ನ ಹೆಚ್ಚಾಗಿ ಕಲ್ಲಿನೊಳಗೆ ತುಂಬಾ ಸಣ್ಣ ಕಣವಾಗಿ ಸೇರಿಕೊಂಡಿದೆ, ಅಂಥ ಕಣ ವಿಎಲ್‌ಎಫ್ ಮೆಷಿನ್‌ಗೆ ಕೇಳಿಸಲ್ಲ. ಸೈನೈಡ್ ಗುಡ್ಡದ (ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯ ರಾಶಿ) ದೂಳು, ಹಳೆ ಶಾಫ್ಟ್‌ಗಳು (ಗಣಿಗೆ ಇಳಿಯುವ ಬಾವಿಗಳು) ಮಾತ್ರ ನಿಜವಾಗಿಯೂ ಅಲ್ಲಿವೆ.

ಅಗೆದ ಗುಂಡಿಯನ್ನು ಆಗಲೇ ಮುಚ್ಚಿ ಕಾಲಲ್ಲಿ ತುಳಿಯಿರಿ. ಬೆಳೆ ಇರುವ ಸಾಲಿಗೆ ಇಳಿಯಬೇಡಿ. ಕೊಯ್ಲು ಮುಗಿದು ಉಳುಮೆ ಆದ ಮೇಲೆ, ಒಂದು ಹದ ಮಳೆ ಬಿದ್ದ ಮಾರನೇ ದಿನ ಹುಡುಕೋಕೆ ಚೆನ್ನ. ಮಣ್ಣು ಮೆತ್ತಗಿರುತ್ತೆ, ಸದ್ದೂ ಸ್ವಲ್ಪ ಚೆನ್ನಾಗಿ ಬರುತ್ತೆ.

ಟೊಮೆಟೊ ಹಾಕಿದ ಹೊಲ, ದ್ರಾಕ್ಷಿ ತೋಟ ಆದರೆ ಮೊದಲ ಕೆಲವು ವಾರ ನಿಮಗೆ ಸಿಗೋದು ಬರೀ ತಂತಿ. ಕಡ್ಡಿಗೆ ಕಟ್ಟಿ ಬಿಚ್ಚಿದ ತುಂಡು, ಚಪ್ಪರದಿಂದ ಉದುರಿದ ತುಂಡು. ಬೇಜಾರು ಮಾಡಿಕೊಂಡು ಅಲ್ಲೇ ಎಸೆಯಬೇಡಿ. ಹಸು ಮೇವಿನ ಜೊತೆ ತಂತಿ ನುಂಗಿದರೆ ಅದು ಹೊಟ್ಟೆಯಲ್ಲಿ ಕೂತು, ಒಳಗಿಂದೊಳಗೇ ಚುಚ್ಚಿಕೊಂಡು ಹೃದಯದವರೆಗೂ ಹೋಗಬಹುದು. ಹಾಲು ಕರೆಯುವ ಮನೆಯವರಿಗೆ ಇದು ಚೆನ್ನಾಗಿ ಗೊತ್ತು. ಸೊಂಟಕ್ಕೆ ಒಂದು ಚೀಲ ಕಟ್ಟಿಕೊಳ್ಳಿ, ಸಿಕ್ಕ ತಂತಿ, ಮೊಳೆ ಎಲ್ಲ ಅದಕ್ಕೆ ಹಾಕಿ. ಸಂಜೆ ಗುಜರಿಗೆ ಕೊಡಿ. ತಂತಿ ಖಾಲಿಯಾದ ಮೇಲೆ ಅದೇ ಗುಂಟೆಯಲ್ಲಿ ಮತ್ತೆ ಎಂಟು ಪಟ್ಟಿ ಬೀಸಿ. ತಂತಿಯ ಗದ್ದಲದ ಕೆಳಗೆ ಅಡಗಿದ್ದ ಸಣ್ಣ ಸದ್ದುಗಳು ಆಗ ಕೇಳಿಸೋಕೆ ಶುರುವಾಗುತ್ತವೆ.